ಸವದತ್ತಿಯ ಫ್ರೆಂಚ್

ಮನೆಯಲ್ಲಿ ಎಲ್ಲರೂ ನನ್ನನ್ನು ಸಂಶಯಪಿಶಾಚಿ ಎನ್ನುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮರಳಿ ಬಂದವಳು ನಾನು, ಅದೂ ಒಂದೇ ದಿನ ಎರಡು ಸಲ. ಬೈಲಹೊಂಗಲದಲ್ಲಿ ಕಾಲೇಜಿನ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಇಪ್ಪತ್ತು ವರ್ಷ ಕಂಡವರು ಬರೆದದ್ದನ್ನೆಲ್ಲ ಟೈಪ್ ಮಾಡಿ ಮಾಡಿ, ಬರೆದದ್ದು ಯಾವುದನ್ನೂ ನಂಬದ ಬುದ್ಧಿ ಬಂದಿದೆ. ಬಿಡುವಿದ್ದಾಗ ಅನುವಾದ ಮಾಡುತ್ತೇನೆ.

ಒಂದು ಹಳೆಯ ಫ್ರೆಂಚ್ ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದೆ. ಓದಿದವರೊಬ್ಬರು ಅದನ್ನು ಎಂಜಲು ಅನುವಾದ ಎಂದುಬಿಟ್ಟರು. ಸಿಟ್ಟು ಬಂತು, ಆದರೆ ನನಗೂ ಒಳಗೊಳಗೆ ಅದೇ ಅನುಮಾನವಿತ್ತು. ನಡುವಿನ ಇಂಗ್ಲಿಷಿನವನು ಏನು ಕದ್ದಿದ್ದಾನೋ, ಏನು ಬೆರೆಸಿದ್ದಾನೋ ಬಲ್ಲವರಾರು? ಮುಂದಿನ ಪುಸ್ತಕವನ್ನು ಮೂಲದಿಂದಲೇ ಮಾಡುತ್ತೇನೆಂದು ಹಟ ತೊಟ್ಟು ಫೋನಿನಲ್ಲಿ ಫ್ರೆಂಚ್ ಕಲಿಯತೊಡಗಿದೆ.

ಎಂಟು ತಿಂಗಳಾದ ಮೇಲೆ, ಮುಂದೆ ಅನುವಾದಿಸಲೆಂದು ತರಿಸಿದ್ದ ಫ್ರೆಂಚ್ ಕಾದಂಬರಿ ತೆರೆದೆ. ಮೊದಲ ಪುಟದಲ್ಲಿ ಒಂದು ಕ್ರಿಯಾಪದವೂ ಗುರುತು ಸಿಗಲಿಲ್ಲ. ಫೋನು ನನಗೆ ಕಲಿಸಿದ್ದು ಬಾಯಿಮಾತಿನ ಭೂತಕಾಲ. ಪುಸ್ತಕದಲ್ಲಿ ಇದ್ದದ್ದು ಬೇರೆಯೇ ಒಂದು. ಕತೆ ಬರೆಯಲು ಮಾತ್ರ ಬಳಸುತ್ತಾರಂತೆ, ಫ್ರೆಂಚರೂ ಅದನ್ನು ಮನೆಯಲ್ಲಿ ಆಡುವುದಿಲ್ಲವಂತೆ. ಯಾರೂ ಆಡದಿದ್ದರೆ ಅದು ಸರಿಯೋ ತಪ್ಪೋ ಎಂದು ಹೇಳುವವರು ಯಾರು? ನನಗೆ ಆ ಕಾಲದ ಮೇಲೆಯೇ ಸಂಶಯ ಹುಟ್ಟಿತು.

ಆಗ ಅಂಗಡಿಗೆ ಒಬ್ಬ ಮುದುಕರು ಬಂದರು. ಹೊಲಿಗೆ ಬಿಟ್ಟ ಒಂದು ಪುಸ್ತಕವನ್ನು ಹಾಳೆ ಹಾಳೆಯಾಗಿ ಝೆರಾಕ್ಸ್ ಮಾಡಿಸಬೇಕಾಗಿತ್ತು. ನೋಡಿದರೆ ಫ್ರೆಂಚು. ಸವದತ್ತಿಯವರು, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಹಳೆಯ ವ್ಯಾಕರಣದ ಪುಸ್ತಕವೊಂದು ಕೈಗೆ ಸಿಕ್ಕು, ಮೂವತ್ತು ವರ್ಷದಿಂದ ತಾವೇ ಓದಿ ಕಲಿತಿದ್ದರಂತೆ. ನನ್ನ ಕಾದಂಬರಿಯ ಮೊದಲ ಪುಟ ತೋರಿಸಿದೆ. ಕನ್ನಡಕ ಏರಿಸಿ, ಪ್ರತಿ ಕ್ರಿಯಾಪದದ ಧಾತು ಹೇಳಿಬಿಟ್ಟರು. ರವಿವಾರ ಮನೆಗೆ ಬಾ ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಪೈಕಿ ನಾನು, ಆದರೂ ಹೋದೆ.

ಅವರ ಮನೆತನದಲ್ಲಿ ವೇದ ಕಲಿಸುವುದು ಸಂಥೆ ಹೇಳಿ. ಗುರು ಮಣೆಯ ಮೇಲೆ ಕೂತು ಒಂದು ಸಲ ಹೇಳಬೇಕು, ಶಿಷ್ಯ ಕೆಳಗೆ ಚಾಪೆಯ ಮೇಲೆ ಕೂತು ಎರಡು ಸಲ ಹೇಳಬೇಕು. ಪುಸ್ತಕವಿಲ್ಲ, ಪೆನ್ನಿಲ್ಲ. ಒಂದಕ್ಷರ ಬಿದ್ದರೂ ದೋಷ. ಚಿಕ್ಕವರಿದ್ದಾಗ ಅಕ್ಷರ ನುಂಗಿದ್ದಕ್ಕೆ ತಂದೆಯ ಕೈಯಿಂದ ತಿಂದ ಏಟನ್ನು ಅವರಿನ್ನೂ ಮರೆತಿರಲಿಲ್ಲ. ಫ್ರೆಂಚನ್ನೂ ಹಾಗೆಯೇ ಕಲಿಸಿದರು. ನಾನು, ನೀನು ಎಂಬ ರೂಪಗಳ ಗೊಡವೆ ಸದ್ಯಕ್ಕೆ ಬೇಡ, ಕತೆಯಲ್ಲಿ ಹೆಚ್ಚಾಗಿ ಬರುವವರು ಅವನು, ಅವಳು, ಅವರು ಎಂದು ಅಷ್ಟನ್ನೇ ಹಿಡಿದರು. ಈ ಕಾಲದ ಕ್ರಿಯಾಪದಗಳಿಗೆ ನಾಲ್ಕು ಗೋತ್ರ ಮಾಡಿದ್ದರು. ಆ ಎಂದು ಮುಗಿಯುವವು ಒಂದು, ಇಟ್ ಎನ್ನುವವು ಇನ್ನೊಂದು, ಉಟ್ ಎನ್ನುವವು ಮತ್ತೊಂದು. ಬರುವುದು, ಹಿಡಿಯುವುದು ಎಂಬೆರಡರದು ಮಾತ್ರ ಬೇರೆ ಮನೆ, ವಿಂಟ್, ಟಿಂಟ್. ಮುಗಿಸಿದನು, ಫಿನಿಟ್. ಇದ್ದನು, ಫುಟ್. ಸತ್ತನು, ಮೌರುಟ್. ಹುಟ್ಟಿದನು, ನಾಕಿಟ್. ಓಣಿಯ ಜನ ಕಿಟಕಿಯಲ್ಲಿ ನಿಂತು ಕೇಳಿ ಹೋಗುತ್ತಿದ್ದರು.

ಎಲ್ಲಿ ಬಳಸಬೇಕೆಂಬುದನ್ನೂ ಚೆನ್ನಾಗಿಯೇ ಹೇಳಿಕೊಟ್ಟರು. ಅವಳು ಬಾವಿಯಿಂದ ನೀರು ಸೇದುತ್ತಿದ್ದಳು ಎಂದರೆ ಅದಕ್ಕೆ ಬೇರೆ ಕಾಲ. ಹಗ್ಗ ಹರಿಯಿತು, ಕೊಡ ಬಿತ್ತು, ಅವಳು ಕೂಗಿದಳು ಎಂದರೆ ಇದು. ನಡೆಯುತ್ತಲೇ ಇದ್ದದ್ದಕ್ಕಲ್ಲ, ನಡೆದು ಮುಗಿದುಹೋದದ್ದಕ್ಕೆ. ಆರು ತಿಂಗಳಲ್ಲಿ ನಾನು ಕಾದಂಬರಿಯ ಇಪ್ಪತ್ತು ಪುಟ ಯಾರ ಹಂಗೂ ಇಲ್ಲದೆ ಓದಿದೆ. ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಅವರ ಹೆಂಡತಿ ಒಳಗೆ ಒಗ್ಗರಣೆ ಹಾಕುತ್ತಲೋ ಕಾಳು ಆರಿಸುತ್ತಲೋ ಇರುತ್ತಿದ್ದರು. ಒಂದು ದಿನ ಹಚ್ಚಿದ ಅವಲಕ್ಕಿಯ ತಾಟು ಕೊಡುತ್ತ, ಗಂಡನಿಗೆ ಕೇಳಿಸದಂತೆ ಬಾಗಿ ಕೇಳಿದರು.

"ಖರೇ ಹೇಳು ತಂಗಿ, ಇದು ನಿಜವಾಗ್ಲೂ ಭಾಷಾ ಹೌದೋ, ಇವರs ಹುಟ್ಟಿಸ್ಯಾರೋ?"

ನಕ್ಕೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ಕೊರೆಯತೊಡಗಿತು. ಸೀಟಿನ ಮೇಲೆ ಯಾರೋ ದೇವಿಯ ಗುಡ್ಡಕ್ಕೆ ಹೋಗಿಬಂದವರ ಭಂಡಾರದ ಅರಿಸಿನ ಚೆಲ್ಲಿತ್ತು. ಅದನ್ನು ಒರೆಸುತ್ತ ಲೆಕ್ಕ ಹಾಕಿದೆ. ಫೋನಿನಲ್ಲಿ ಫ್ರೆಂಚರು ಕೊನೆಯ ಅಕ್ಷರ ಆಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಮಾಸ್ತರರು ಒಂದನ್ನೂ ಬಿಡುತ್ತಿರಲಿಲ್ಲ. ಕೇಳಿದಾಗ, ಫೋನಿನಲ್ಲಿರುವುದು ಸಂತೆಯ ಮಾತು, ಇದು ಗ್ರಂಥದ ಮಾತು ಎಂದಿದ್ದರು. ಉಚ್ಚಾರ ತಪ್ಪಿದ್ದರೆ ರೂಪಗಳೂ ತಪ್ಪಿರಬಾರದೇಕೆ? ನಾನು ಓದಿದೆನೆಂದು ಹಿಗ್ಗಿದ ಇಪ್ಪತ್ತು ಪುಟ, ಇವರು ಕಟ್ಟಿದ ಕತೆಯಾಗಿದ್ದರೆ?

ಮುಂದಿನ ರವಿವಾರ ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ, ಚೀಲದ ಬಾಯಿ ತೆರೆದು ಚಾಪೆಯ ಮೇಲಿಟ್ಟೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಮತ್ತೆ ಮತ್ತೆ ಚೀಲದತ್ತ ನೋಡುತ್ತಿದ್ದೆ. ಅಂದು ಅವರು ಎಂದಿಗಿಂತ ಜೋರಾಗಿ, ನಾಲ್ಕೂ ಗೋತ್ರಗಳನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಆ ರೆಕಾರ್ಡಿಂಗನ್ನು ಪುದುಚೇರಿಯಿಂದ ಆನ್‌ಲೈನಿನಲ್ಲಿ ಫ್ರೆಂಚ್ ಕಲಿಸುವ ಒಬ್ಬ ಟೀಚರಿಗೆ ಕಳಿಸಿದೆ.

ಅವರು ಮೊದಲು ನಕ್ಕರು, ಆಮೇಲೆ ಇವರು ಯಾರು ಎಂದು ಕೇಳಿದರು. ಒಂದು ರೂಪವೂ ತಪ್ಪಿಲ್ಲ, ಪದವಿ ಮುಗಿಸಿದ ತಮ್ಮ ವಿದ್ಯಾರ್ಥಿಗಳಿಗೂ ಹೀಗೆ ಬಾರದು. ಆದರೆ ಉಚ್ಚಾರ ಪೂರ್ತಿ ತಪ್ಪು. ಫ್ರೆಂಚರ ಮುಂದೆ ನಿಲ್ಲಿಸಿದರೆ ಒಂದು ಮಾತೂ ಅವರಿಗೆ ತಿಳಿಯದು. ಹೀಗೆಂದು, ಸರಿಯಾದದ್ದನ್ನು ತಾವೇ ಹೇಳಿ ಕಳಿಸಿದ್ದರು. ಫಿನಿ. ಫ್ಯು. ಮೂರ್ಯು.

ನನ್ನ ಇಪ್ಪತ್ತು ಪುಟ ಉಳಿದವು. ಅದಕ್ಕೆ ಸಂತೋಷಪಡಬೇಕಿತ್ತು. ಆಗಲಿಲ್ಲ. ನನಗೆ ಬೇಕಾದದ್ದು ಓದಲು ಬರುವುದು, ಅದು ಬಂದಿತ್ತು. ಅವರದ್ದು ಮೂವತ್ತು ವರ್ಷದ ಗಳಿಕೆ. ಇದನ್ನು ಹೇಳಿದರೆ ಆ ಜೀವಕ್ಕೆ ಏನು ಉಳಿಯುತ್ತದೆ? ಎರಡು ರವಿವಾರ ಏನೋ ನೆವ ಹೇಳಿ ತಪ್ಪಿಸಿದೆ. ಮೂರನೆಯದಕ್ಕೆ, ಅಂಗಡಿಯ ಕೆಲಸ ಹೆಚ್ಚಾಗಿದೆ, ಇನ್ನು ಬರಲಾಗದು ಎಂದು ಹೇಳಿ ಬಂದುಬಿಡಲು ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ನನ್ನ ದನಿ ಹಿಡಕೊಂಡು ಹೋಗಿದ್ದಿ. ಏನಂದ್ರು ಕೇಳಿದವರು?"

ಚೀಲದೊಳಗಿನ ಬೆಳಕು ಅಂದೇ ಅವರಿಗೆ ಕಂಡಿತ್ತಂತೆ, ಅದಕ್ಕೇ ಜೋರಾಗಿ ಹೇಳಿದ್ದರಂತೆ. ಒಂದು ರೂಪವೂ ತಪ್ಪಿಲ್ಲವಂತೆ ಎಂದೆ.

"ಅರ್ಧಾ ಹೇಳಿದಿ. ಉಳದರ್ಧಾ ಹೇಳು."

ಫೋನ್ ತೆಗೆದು ಟೀಚರರ ದನಿ ಹಚ್ಚಿದೆ. ಫಿನಿ, ಫ್ಯು, ಮೂರ್ಯು. ಅವರು ಕಣ್ಣು ಮುಚ್ಚಿ ಮೂರು ಸಲ ಕೇಳಿದರು. ಅಳುತ್ತಾರೇನೋ ಎಂದು ಹೆದರಿದೆ. ಅಳಲಿಲ್ಲ.

"ಮೂವತ್ತು ವರ್ಷದಾಗ ಒಬ್ಬರೂ ತಪ್ಪು ಅನ್ನಲಿಲ್ಲ, ತಂಗಿ. ಅದಕ್ಕs ನನಗ ಸಂಶಯ ಇತ್ತು."

ಹಾಗೆಂದವರು ಎದ್ದು, ಮಣೆಯನ್ನು ನನ್ನ ಕಡೆ ಸರಿಸಿ, ತಾವು ಚಾಪೆಯ ಮೇಲೆ ಕೂತರು. ನೀನು ಹೇಳು, ನಾನು ಎರಡು ಸಲ ಅನ್ನುತ್ತೇನೆ ಎಂದರು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಮಣೆಯ ಅಂಚಿನಲ್ಲಿ ಕೂತೆ. ಎಪ್ಪತ್ತೆರಡು ವಯಸ್ಸಿನವರಿಗೆ ನಾನು ಸಂಥೆ ಹೇಳಿದೆ. ಫಿನಿ ಎಂದೆ. ಫಿನಿಟ್ ಎಂದರು. ತಲೆ ಕೊಡವಿ ಮತ್ತೆ ಹೇಳಿದರು, ಮತ್ತೆ ಆ ಕೊನೆಯ ಅಕ್ಷರ ಬಂತು. ಹೊಡೆತ ತಿಂದು ಕಲಿತ ನಾಲಿಗೆ, ಬಿಡು ಎಂದರೆ ಬಿಡುತ್ತದೆಯೇ? ಅರ್ಧ ತಾಸು ಹಾಗೇ ನಡೆಯಿತು. ಆಮೇಲೆ ತುಟಿಯ ಮೇಲೆ ಎರಡು ಬೆರಳು ಒತ್ತಿಟ್ಟುಕೊಂಡು, ಸಾವಕಾಶವಾಗಿ, ಮೂರ್ಯು ಎಂದರು. ಅಲ್ಲಿಗೇ ನಿಲ್ಲಿಸಿದರು. ಸರಿ ಬಂದಿತ್ತು.

ಅಡುಗೆಮನೆಯಲ್ಲಿ ಕಾಳು ಆರಿಸುವ ಸದ್ದು ನಿಂತಿತು. ಮೊರವನ್ನು ಕೈಯಲ್ಲಿ ಹಿಡಿದುಕೊಂಡೇ ಅವರ ಹೆಂಡತಿ ಬಾಗಿಲಿಗೆ ಬಂದರು. ಮುಖದಲ್ಲಿ ಗಾಬರಿ ಇತ್ತು.

"ಯಾಕ, ಏನಾತು? ಅರ್ಧಕ್ಕ ಯಾಕ ನಿಂತ್ರಿ? ಮೌರುಟ್ ಅಲ್ಲೇನು ಅದು?"

ಮಾಸ್ತರರು ಬೆರಳನ್ನು ತುಟಿಯಿಂದ ತೆಗೆಯಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ಕೂತರು. ಮೂವತ್ತು ವರ್ಷ ತಮ್ಮ ಫ್ರೆಂಚನ್ನು ಕೇಳುವವರು ಯಾರೂ ಇರಲಿಲ್ಲವೆಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.