ಚಪ್ಪಲಿ ಬಿಡದ ಡ್ರೈವರ್

‘ಆಂಟಿ, ಟ್ರಾಕ್ಟರ್ ಕೀ ಕೊಡಿ. ಸರ್ವೀಸಿಗೆ ಬಿಟ್ಟು ಬಾ ಅಂತ ಅಣ್ಣ ಹೇಳಿದ್ರು’ ಎಂದು ಗೇಟಿನ ಹತ್ತಿರ ನಿಂತವನು ಎಷ್ಟು ಸಲೀಸಾಗಿ ಕೇಳಿದನೆಂದರೆ, ನಾನು ಕೀ ತರಲು ಒಳಗೆ ಹೊರಟೇಬಿಟ್ಟಿದ್ದೆ. ಯಜಮಾನರು ಮದುವೆಗೆ ಹೋಗಿದ್ದರು, ಫೋನ್ ಎತ್ತುತ್ತಿರಲಿಲ್ಲ. ‘ನಾನು ಹೊಸ ಡ್ರೈವರ್. ನಿನ್ನೆ ಕುಂಬಳಗೋಡಲ್ಲಿ ನಾನೇ ಓಡಿಸಿದ್ದು’ ಎನ್ನುತ್ತಾ ಅವನು ಪಕ್ಕದ ಖಾಲಿ ಸೈಟಿನಲ್ಲಿದ್ದ ಟ್ರಾಕ್ಟರ್ ಹತ್ತಿ ಕೂತ.

ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ಅವನ ಮುಖ ನೋಡಲಿಲ್ಲ, ಕಾಲು ನೋಡಿದರು. ಕೆಂಗೇರಿಯ ನಮ್ಮ ಮನೆಯಲ್ಲಿ ಯಾರೇ ಆಗಲಿ, ಚಪ್ಪಲಿ ಕೆಳಗೆ ಬಿಟ್ಟು, ಟ್ರಾಕ್ಟರ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತಬೇಕು. ಹೊಸ ಡ್ರೈವರಿಗೆ ನಮ್ಮವರು ಹೇಳಿಕೊಡುವ ಮೊದಲ ಪಾಠವೇ ಅದು.

‘ನಿನ್ನೆ ಓಡಿಸಿದ್ದೋನು ಇವತ್ತು ಚಪ್ಪಲಿ ಹಾಕ್ಕೊಂಡು ಹತ್ತಲ್ಲ ಕಣಪ್ಪ. ಇಳಿ ಕೆಳಗೆ!’

ಅತ್ತೆಯ ಗಂಟಲಿಗೆ ಬೀದಿಯವರೆಲ್ಲ ಹೊರಗೆ ಬಂದರು. ಅವನು ಧುಮುಕಿ ಓಟ ಕಿತ್ತ ರಭಸಕ್ಕೆ ಒಂದು ಚಪ್ಪಲಿ ಪೆಡಲಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು.

ಈಗ ಟ್ರಾಕ್ಟರಿಗೆ ಜಿಪಿಎಸ್ ಹಾಕಿಸಿದ್ದೇವೆ. ಸೈಟಿಗೆ ಗೇಟು, ಬೀಗ, ಕ್ಯಾಮೆರಾ ಎಲ್ಲ ಬಂದಿದೆ. ಅತ್ತೆ ಇದಕ್ಕೆಲ್ಲ ಬೇಡ ಅನ್ನಲಿಲ್ಲ. ಆದರೆ ದೃಷ್ಟಿ ತಾಕದಿರಲಿ ಎಂದು ಟ್ರಾಕ್ಟರಿನ ಹಿಂದೆ ತಮ್ಮ ಕೈಯಾರೆ ಒಂದು ಚಪ್ಪಲಿ ಕಟ್ಟಿದ್ದಾರೆ. ಅದು ಅವನದೇ.