ಎಲೆ ನೀರಿಗೆ ಬಿಟ್ಟುಕೊಟ್ಟಷ್ಟು

ಎಲೆ, ಬೇರು, ತೊಗಟೆಗಳ ಒಳಗಿರುವ ಔಷಧವನ್ನು ಹೊರಗೆ ತೆಗೆಯುವುದು ನನ್ನ ಕೆಲಸ. ಎಣ್ಣೂರಿನ ಕಡೆ ಇರುವ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕೆಲವನ್ನು ತಣ್ಣಗೆ ನೆನೆಸಿಡುತ್ತೇವೆ, ಕೆಲವನ್ನು ಕುದಿಸುತ್ತೇವೆ, ಕೆಲವುಗಳ ಮೇಲೆ ಸ್ಪಿರಿಟ್ಟನ್ನು ಕಾಫಿ ಫಿಲ್ಟರಿನ ಹಾಗೆ ತೊಟ್ಟು ತೊಟ್ಟಾಗಿ ಇಳಿಸುತ್ತೇವೆ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವವಳೂ ನಾನೇ. ಅಂಥವಳಿಗೆ ಮನೆಯಲ್ಲಿ ಅವ್ವ ಕಷಾಯ ಕಾಯಿಸುವುದನ್ನು ನೋಡಿಕೊಂಡು ಸುಮ್ಮನಿರುವುದು ಕಷ್ಟವಾಗುತ್ತಿತ್ತು.

ವೆಸ್ಟ್ ಮಾಂಬಲಂನ ಫ್ಲ್ಯಾಟಿನಲ್ಲಿ ಇರುವುದು ನಾವಿಬ್ಬರೇ. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎದ್ದರೆ ಡಾಕ್ಟರು ಕೊಟ್ಟ ಮಾತ್ರೆ, ಅದರ ಹಿಂದೆ ಮಧುನಾಶಿನಿ ಎಲೆಯ ಕಷಾಯ. ಸ್ಟೇಷನ್ ಪಕ್ಕದ ನಾಟಿ ಮದ್ದಿನ ಅಂಗಡಿಯಲ್ಲಿ ಅದನ್ನು ಸಿರುಕುರಿಂಜಾನ್ ಅಂತ ಕೇಳಬೇಕು. ನಂಜನಗೂಡು ಕಡೆಯ ಕನ್ನಡಕ್ಕೆ ನಾಲ್ಕು ತಮಿಳು ಪದ ಬೆರೆಸಿ ಅವ್ವ ಆ ಅಂಗಡಿಯವನ ಹತ್ತಿರ ಎಷ್ಟೋ ವರ್ಷದಿಂದ ಚೌಕಾಸಿ ಮಾಡುತ್ತಿದ್ದಳು. ಕಷಾಯದ ವಿಷಯ ಡಾಕ್ಟರಿಗೂ ಗೊತ್ತಿತ್ತು, ಬೇಡ ಅಂದಿರಲಿಲ್ಲ.

ಅವ್ವನ ಲೆಕ್ಕ ಒಂದು ಹಿಡಿ ಎಲೆ, ಎರಡು ಲೋಟ ನೀರು, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿ. ಸೋಸಿ ಉಳಿದ ಚರಟ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ. ಮುಕ್ಕಾಲು ಮದ್ದು ಕರಿಬೇವಿನ ಪಾಲಾಯಿತು, ಅದಕ್ಕೆ ಸಕ್ಕರೆ ಕಾಯಿಲೆ ಬರುವ ಭಯವೇ ಇಲ್ಲ ಎಂದು ನಾನು ರೇಗಿಸುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಜಾತಿಯವಳು ನೀನು ಎಂದು ಅವಳೂ ಬಿಡುತ್ತಿರಲಿಲ್ಲ. ಆದರೆ ಅವಳಿಗೆ ಮಂಡಿ ನೋವು ಜಾಸ್ತಿಯಾಗಿ, ಒಲೆಯ ಮುಂದೆ ಅರ್ಧ ಗಂಟೆ ನಿಲ್ಲುವುದು ಕಷ್ಟವಾದಾಗ ನನ್ನ ಜಾಣತನಕ್ಕೆ ಒಂದು ನೆಪ ಸಿಕ್ಕಿತು.

ಒಂದು ಶನಿವಾರ ಅವಳ ಎಲೆಯ ಪೊಟ್ಟಣವನ್ನೇ ಬ್ಯಾಗಿಗೆ ಹಾಕಿಕೊಂಡು ಲ್ಯಾಬಿಗೆ ಹೋದೆ. ಸ್ವಂತದ ಕೆಲಸಕ್ಕೆ ಅಲ್ಲಿನ ಉಪಕರಣ ಮುಟ್ಟಬಾರದೆಂಬ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಎಲೆಯನ್ನು ಪುಡಿಮಾಡಿ ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣಕ್ಕೆ ತುಂಬಿದೆ. ಕೆಳಗಿನ ಬುರುಡೆಯಲ್ಲಿ ಸ್ಪಿರಿಟ್ ಕುದಿದು ಆವಿಯಾಗಿ ಮೇಲೇರುತ್ತದೆ, ತಣ್ಣಗಾಗಿ ಪುಡಿಯ ಮೇಲೆ ಹನಿಯುತ್ತದೆ, ತುಂಬಿದಾಗ ತನ್ನಷ್ಟಕ್ಕೆ ತಾನೇ ಕೆಳಗಿಳಿದು ಮತ್ತೆ ಕುದಿಯುತ್ತದೆ. ಇಳಿಯುವ ದ್ರವದಲ್ಲಿ ಬಣ್ಣವೇ ಇಲ್ಲದಂತಾಗುವವರೆಗೆ ಬಿಟ್ಟೆ. ಆಮೇಲೆ ವಾಸನೆಯೂ ಉಳಿಯದಂತೆ ಒಣಗಿಸಿದೆ. ಪೊಟ್ಟಣದಷ್ಟು ಎಲೆ ಒಂದು ಉಪ್ಪಿನಕಾಯಿ ಬಾಟಲಿಯ ತಳದಲ್ಲಿ ಕೂರುವಷ್ಟು ಪುಡಿಯಾಯಿತು.

ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಹೇಳಲಿಲ್ಲ, ಅಷ್ಟು ಬೇಜವಾಬ್ದಾರಿಯವಳಲ್ಲ ನಾನು. ಅವ್ವನ ಒಂದು ಹಿಡಿ ಎಲೆಯನ್ನು ತೂಗಿದೆ, ಅಷ್ಟು ಎಲೆಗೆ ಎಷ್ಟು ಪುಡಿ ಎಂದು ಲೆಕ್ಕ ಹಾಕಿದೆ. ಕಾಲು ಚಮಚ, ಬಿಸಿನೀರಿನಲ್ಲಿ. ಅವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಎದುರು ಮನೆಯವರನ್ನು ಕರೆದು ತೋರಿಸಿದಳು. ನನಗೂ ಜಂಬ ಬಂತು, ಸುಳ್ಳು ಹೇಳುವುದಿಲ್ಲ.

ಶುರುಮಾಡಿದ್ದು ಮಂಗಳವಾರ. ಮುಂದಿನ ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅಡುಗೆಮನೆಯಲ್ಲಿ ಸದ್ದಾಯಿತು. ಅವ್ವ ಗೋಡೆಗೆ ಒರಗಿ ಕುಸಿದಿದ್ದಳು. ಮೈಯೆಲ್ಲ ತಣ್ಣನೆ ಬೆವರು, ಮಾತು ತೊದಲುತ್ತಿತ್ತು, ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಆಟೋದಲ್ಲಿ, ಅವಳಿಗೆ ಮಾತ್ರೆ ಬರೆದುಕೊಟ್ಟಿದ್ದ ವಡಪಳನಿಯ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕರೆದೊಯ್ದೆ. ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಗ್ಲೂಕೋಸ್ ಹಾಕಿದರು.

ಆ ಹನಿಗಳನ್ನು ನೋಡುತ್ತ ಕೂತಾಗ ನನ್ನ ತಪ್ಪು ನನಗೆ ತಿಳಿಯಿತು. ನಾನು ತೂಗಿದ್ದು ಎಲೆಯನ್ನು. ಅವ್ವ ಇಷ್ಟು ವರ್ಷ ಕುಡಿದದ್ದು ಎಲೆಯನ್ನಲ್ಲ, ಎಲೆ ನೀರಿಗೆ ಬಿಟ್ಟುಕೊಟ್ಟಷ್ಟನ್ನು. ಉಳಿದದ್ದು ಕರಿಬೇವಿಗೆ ಹೋಗುತ್ತದೆ ಎಂದು ನಗುತ್ತಿದ್ದವಳೇ ನಾನು, ಆ ಉಳಿದದ್ದನ್ನೂ ಸೇರಿಸಿ ಕಾಲು ಚಮಚದಲ್ಲಿ ಕುಡಿಸಿದ್ದೆ. ಮೊದಲ ವರ್ಷದ ಹುಡುಗಿಯರು ಈ ತಪ್ಪು ಮಾಡಿದರೆ ನಾನು ಬೈಯುತ್ತಿದ್ದೆ.

ಅವ್ವನಿಗೆ ಎಚ್ಚರ ಬಂದ ಮೇಲೆ ಡಾಕ್ಟರಮ್ಮ ಹೊಸದಾಗಿ ಬೇರೆ ಏನಾದರೂ ತೆಗೆದುಕೊಂಡಿದ್ದಿರಾ ಎಂದು ಕೇಳಿದರು. ಅವ್ವ ನನ್ನ ಕಡೆ ನೋಡದೆ, ಏನೂ ಇಲ್ಲ, ಇವತ್ತು ಸೋಮವಾರ, ಒಪ್ಪೊತ್ತು ಇದ್ದೆ ಎಂದು ತಮಿಳಿನಲ್ಲಿ ಹೇಳಿದಳು. ಒಂದೇ ಹೊತ್ತು ಉಣ್ಣುವ ವ್ರತಕ್ಕೆ ಡಾಕ್ಟರಮ್ಮ ಅವಳನ್ನು ಮಗುವಿಗೆ ಬೈದ ಹಾಗೆ ಬೈದರು. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ನಾಚಿಕೆ ಒಂದು ಕಡೆ, ಲ್ಯಾಬಿನಲ್ಲಿ ಗೊತ್ತಾದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಇನ್ನೊಂದು ಕಡೆ. ಹೆದರಿಕೆಯೇ ಹೆಚ್ಚಿತ್ತು.

ಮನೆಗೆ ಬಂದವಳೇ ಪುಡಿಯನ್ನು ಸಿಂಕಿಗೆ ಸುರಿದು ನೀರು ಬಿಟ್ಟೆ. ಈಗ ಅವಳಿಗೆ ಪುಡಿಯೂ ಇಲ್ಲ, ಮತ್ತೆ ಎಲೆ ತರಲು ನನಗೆ ಧೈರ್ಯವಾಗದೆ ಕಷಾಯವೂ ಇಲ್ಲ, ಇರುವುದು ಅರ್ಧ ಮಾತ್ರೆ. ಸಕ್ಕರೆ ಏರತೊಡಗಿತು. ದಿನವೂ ಅವಳ ಬೆರಳು ಚುಚ್ಚಿ ನೋಡುವವಳು ನಾನೇ, ನಾಲ್ಕು ದಿನ ಏರುತ್ತಲೇ ಹೋಯಿತು. ಬಾಯಿ ಒಣಗುತ್ತದೆಂದು ಅವ್ವ ಚೊಂಬುಗಟ್ಟಲೆ ನೀರು ಕುಡಿದಳು. ನನ್ನ ಸುಳ್ಳಿಗೆ ಅವಳ ಮೈ ದಂಡ ಕಟ್ಟುತ್ತಿತ್ತು.

ಐದನೆಯ ದಿನ ಮತ್ತೆ ಕ್ಲಿನಿಕ್ಕಿಗೆ ಹೋದೆವು. ಇಷ್ಟು ಇಳಿದದ್ದು ಇಷ್ಟು ಬೇಗ ಹೀಗೆ ಏರುವುದೆಂದರೇನು ಎಂದು ಡಾಕ್ಟರಮ್ಮ ತಲೆ ಕೆಡಿಸಿಕೊಂಡು, ಇನ್ಸುಲಿನ್ ಶುರುಮಾಡೋಣವೇ ಎಂದರು. ಅವ್ವನ ಮುಖ ಬಾಡಿತು. ಸೂಜಿ ಎಂದರೆ ಅವಳಿಗೆ ಆಗದು, ಆದರೂ ನನಗಾಗಿ ಅದಕ್ಕೂ ತಲೆಯಾಡಿಸಿದಳು. ಆಗ ನಾನು ಎಲ್ಲವನ್ನೂ ಹೇಳಿದೆ. ಯಾವ ಎಲೆ, ಎಷ್ಟು ಸ್ಪಿರಿಟ್, ಎಷ್ಟು ಗಂಟೆ, ಎಲ್ಲಿ ಮಾಡಿದ್ದು, ಲೆಕ್ಕ ಎಲ್ಲಿ ತಪ್ಪಿತು ಎಲ್ಲವನ್ನೂ. ಅವ್ವ ನನ್ನ ಸೆರಗು ಜಗ್ಗಿದಳು, ನಾನು ನಿಲ್ಲಿಸಲಿಲ್ಲ. ಡಾಕ್ಟರಮ್ಮ ಕೂಗಾಡಲಿಲ್ಲ. ಫೈಲಿನಲ್ಲಿ ಉಪವಾಸ ಎಂದು ಬರೆದಿದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಹಳೆಯ ಮಾತ್ರೆಯನ್ನೇ ಪೂರ್ತಿ ಕೊಟ್ಟರು. ಓದಿದವರೇ ಹೀಗೆ ಮುಚ್ಚಿಟ್ಟರೆ ನಾನು ಯಾರನ್ನು ನಂಬಲಿ ಎಂದು ಮಾತ್ರ ಕೇಳಿದರು.

ವಾಪಸು ಬರುವಾಗ ಆಟೋದಲ್ಲಿ ಅವ್ವ ರಸ್ತೆ ನೋಡುತ್ತಲೇ ಹೇಳಿದಳು.

"ಮೊದಲ್ನೇ ದಿನಾನೇ ಕೈ ನಡುಗ್ತು ಕಣವ್ವ."

"ಮತ್ತೆ ಯಾಕವ್ವ ಕುಡಿದೆ?"

"ನೀ ಅಷ್ಟು ಆಸೆಯಿಂದ ಮಾಡ್ಕಂಡು ಬಂದಿದ್ದೆ. ಆಗ್ಲಿಲ್ಲ ಅಂತ ಹೆಂಗ್ ಹೇಳ್ಲಿ? ದಿನಾ ಒಂದ್ ಚೂರು ಬೆಲ್ಲ ಬಾಯಿಗ್ ಹಾಕ್ಕಂಡು ತಡ್ಕತಿದ್ದೆ. ಆ ಪುಡಿ ಕುಡಿದ್ ಮೇಲೆ ನಾಲಗೆಗೆ ಸಿಹಿನೇ ಹತ್ತಲ್ಲ, ಮಣ್ಣು ತಿಂದಂಗೆ ಇರ್ತಿತ್ತು. ಸೋಮವಾರ ಒಪ್ಪೊತ್ತಲ್ವ, ಅದ್ಕೇ ತಿನ್ಲಿಲ್ಲ."

ಆರು ದಿನ, ನಾನು ಪಕ್ಕದ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಅವ್ವ ಅಡುಗೆಮನೆಯಲ್ಲಿ ನಡುಗುವ ಕೈಯಿಂದ ಬೆಲ್ಲದ ಡಬ್ಬಿ ತೆಗೆಯುತ್ತಿದ್ದಳು.