ಮೈಕಿನಲ್ಲಿ ಹೇಳಿದ ಹೆಸರು

ಸೋಲೋ ಊರಿನ ನಮ್ಮ ಓಣಿಯಲ್ಲಿ ಯಾರೇ ಸತ್ತರೂ ಸುದ್ದಿ ಸಾರುವವನು ನಾನೇ. ಮೂವತ್ತೊಂದು ವರ್ಷದಿಂದ ಮಸೀದಿಯ ಮೈಕು ನನ್ನ ಕೈಯಲ್ಲಿದೆ. ಮದುವೆಗೆ ನನ್ನನ್ನು ಕರೆಯಲು ಮರೆಯುವವರು ಸಾವಿಗೆ ಮಾತ್ರ ಮರೆಯುವುದಿಲ್ಲ. ಬಂದವರು ಗುರುತಿನ ಚೀಟಿಯಲ್ಲಿರುವ ಹೆಸರು ಹೇಳುತ್ತಾರೆ. "ಅದ್ಯಾರಿಗೆ ಬೇಕಯ್ಯಾ? ಓಣೀಲಿ ಏನಂತ ಕರೀತಿದ್ರು, ಅದು ಹೇಳು" ಎಂದು ಗದರುತ್ತೇನೆ. ಇಲ್ಲಿ ಹೆಂಗಸರಿಗೆ ಗಂಡನ ಹೆಸರೇ ಹೆಸರು, ಇಲ್ಲವೇ ಹಿರಿಮಗನದು. ನಮಗೆ ಮಕ್ಕಳಿಲ್ಲ. ಹಾಗಾಗಿ ನನ್ನ ಹೆಂಡತಿ ಎಲ್ಲರಿಗೂ ಬು ತುಕಿರಾನ್, ಅಂದರೆ ತುಕಿರಾನನ ಮನೆಯಾಕೆ.

ಅವಳು ಹೋದದ್ದು ಬುಧವಾರ ಬೆಳಿಗ್ಗೆ, ಸೋಯಾಕಾಳಿನ ತೆಂಪೆ ಕರಿಯುತ್ತಾ. ಸೀದ ವಾಸನೆ ಬಂತೆಂದು ಹೋಗಿ ನೋಡಿದರೆ ನೆಲದ ಮೇಲೆ ಬಿದ್ದಿದ್ದಳು. ಒಲೆ ಆರಿಸಿದೆ. ಆಸ್ಪತ್ರೆಯ ನರ್ಸು ಬಂದು ನಾಡಿ ಹಿಡಿದು ತಲೆಯಾಡಿಸಿ ಹೋದಳು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಮಧ್ಯಾಹ್ನದ ನಮಾಜಿಗೆ ಮುಂಚೆ ಅವಳನ್ನು ಮೀಯಿಸಿ ಮಣ್ಣು ಮಾಡಬೇಕು, ಅದಕ್ಕೆ ಜನ ಬೇಕು. ಮಸೀದಿಗೆ ನಡೆದೆ. ಎಂದಿನ ದನಿಯಲ್ಲೇ ಮೂರು ಸಲ ಸಾರಿದೆ: ಪೋನಿರಾ ತೀರಿಕೊಂಡಿದ್ದಾರೆ. ಯಾವ ಮನೆಯೆಂದು ಹೇಳುವುದೇ ಬಿಟ್ಟುಹೋಯಿತು.

ಮನೆಗೆ ಬಂದು ಅಂಗಳದಲ್ಲಿ ಕುರ್ಚಿಗಳನ್ನು ಹಾಕಿ ಕೂತೆ. ಒಂಬತ್ತಾಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಎದುರು ಮನೆಯ ಬು ಸಬರ್ ಬಟ್ಟೆ ಒಣಹಾಕುತ್ತಿದ್ದಳು.

"ಅದ್ಯಾರು ಪಾ, ಪೋನಿರಾ ಅಂತ? ಹಿಂದಿನ ಓಣಿಯವರಾ?" ಅಂದಳು. "ನಿಮ್ಮನೆಯವರನ್ನ ಕಳ್ಸಿ, ಇಬ್ರೂ ಒಟ್ಟಿಗೆ ಹೋಗಿ ಬರ್ತೀವಿ."

"ಅವಳೇ ಕಣಮ್ಮ" ಅಂದೆ.

ಬು ಸಬರ್ ಬಕೆಟ್ಟು ಕೆಳಗಿಟ್ಟಳು. ಆಮೇಲೆ ಗೋಡೆ ಹಿಡಿದುಕೊಂಡು, "ನಲವತ್ತು ವರ್ಷ ಉಪ್ಪು, ಸಕ್ಕರೆ ಕೊಟ್ಟು ತಗೊಂಡಿದೀವಿ ಪಾ. ಹೆಸರೇ ಕೇಳಿಲ್ವಲ್ಲ ನಾನು" ಅಂದಳು. ಕಣ್ಣೊರೆಸಿಕೊಂಡು, "ಹೊತ್ತಾಗ್ತಿದೆ. ಇನ್ನೊಂದ್ಸಲ ಹೋಗಿ ಗೊತ್ತಾಗೋ ಹಾಗೆ ಹೇಳಿ ಬನ್ನಿ. ನಾನು ನೀರು ತುಂಬಿಸ್ತೀನಿ" ಎಂದು ನಮ್ಮ ಮನೆಯೊಳಗೆ ನಡೆದಳು.

ಮತ್ತೆ ಹೋದೆ. ಮೈಕು ಹಿಡಿದಾಗ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. "ಬು ತುಕಿರಾನ್" ಅಂದೆ. ಒಂದೇ ಸಲ ಸಾಕಾಯಿತು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಓಣಿ ತುಂಬಿತ್ತು. ಒಬ್ಬ ಬೆಂಚು ಹೊತ್ತು ತಂದ, ಇನ್ನಿಬ್ಬರು ಗುದ್ದಲಿ ಹಿಡಿದು ಹೊರಟರು, ಹೆಂಗಸರು ಹೂ ಕಟ್ಟಲು ಕೂತರು. ಎಲ್ಲರೂ ಒಳ್ಳೆಯವರೇ, ಯಾರನ್ನು ಬೈಯಲಿ?

ಗೋರಿಯ ಹಲಗೆ ಬರೆಯುವ ಗಿಮಿನ್ ಬಣ್ಣದ ಡಬ್ಬಿ ಹಿಡಿದು ಬಂದ.

"ಬು ತುಕಿರಾನ್ ಅಂತಲೇ ಬರೀಲಾ ಪಾ? ಜನಕ್ಕೆ ಗೊತ್ತಾಗ್ಬೇಕಲ್ಲ."

"ಪೋನಿರಾ ಅಂತ ಬರಿ" ಅಂದೆ.

"ಹಾಗಂತ ಯಾರು ಕರೀತಿದ್ರು?"

ಡಬ್ಬಿಯ ಮುಚ್ಚಳ ನಾನೇ ತೆಗೆದುಕೊಟ್ಟೆ. ನಲವತ್ತಮೂರು ವರ್ಷದ ಸಂಸಾರದಲ್ಲಿ ನಾನು ಅವಳನ್ನು ಹೆಸರು ಹಿಡಿದು ಕರೆದದ್ದು ಆ ಬೆಳಿಗ್ಗೆ ಮೈಕಿನಲ್ಲಿ, ಮೂರು ಸಲ.